ಅಕ್ಕನ ಹೆಸರು ಹೇಳದ ಸಂಜೆ

ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಸಾರಿನ ಪಾತ್ರೆಯ ಮುಚ್ಚಳ ತೆಗೆಯುವಂತಿರಲಿಲ್ಲ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಮಗೆ ಇದ್ದದ್ದು ಮುಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು ಮತ್ತು ಒಂದು ನುಗ್ಗೆಮರವಿದ್ದ ಹಿತ್ತಲು. ಮುಂದಿನ ಕೋಣೆಯಲ್ಲೇ ಓದು, ಪ್ರಾರ್ಥನೆ, ಊಟ, ಕೊನೆಗೆ ಹಾಸಿಗೆ. ಅಡುಗೆಮನೆಯ ಕಿಟಕಿಗೆ ಬಾಗಿಲಿರಲಿಲ್ಲ, ಕಂಬಿ ಮಾತ್ರ ಇತ್ತು. ಹಿತ್ತಲಲ್ಲಿ ನಿಂತವರಿಗೆ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಅಮ್ಮ ಒಲೆಗೆ ತೆಂಗಿನ ಚಿಪ್ಪು ಹಾಕುತ್ತಿದ್ದಳು. ಕೊಬ್ಬರಿ ಮಂಡಿಯ ಊರಲ್ಲಿ ಚಿಪ್ಪಿಗೆ ಬರವಿರಲಿಲ್ಲ. ಆ ಹೊಗೆ ನಮ್ಮ ಜಡೆಗೂ ಯೂನಿಫಾರ್ಮಿಗೂ ಅಪ್ಪನ ವೇದಪುಸ್ತಕದ ಹಾಳೆಗಳಿಗೂ ಹಿಡಿದಿತ್ತು. ಈಗಲೂ ಎಲ್ಲಾದರೂ ಚಿಪ್ಪು ಸುಡುವ ವಾಸನೆ ಬಂದರೆ ನನ್ನ ಮಂಡಿಗಳು ತಾವಾಗಿಯೇ ಮಡಚಿಕೊಳ್ಳಲು ನೋಡುತ್ತವೆ.

ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದ. ಬೆಳಗಾಗುತ್ತಲೇ ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಬಾಣಾವರದ ದಿಕ್ಕಿಗೆ ಹಳಿಯ ಮೇಲೆ ನಡೆದುಹೋಗಿ, ಹಳಿಯನ್ನು ಹಿಡಿದಿರುವ ಕಬ್ಬಿಣದ ಕೀಲಿಗಳಲ್ಲಿ ಯಾವುದು ಸಡಿಲವಾಗಿದೆ ನೋಡಿ ಹೊಡೆದು ಕೂರಿಸುವುದು ಅವನ ಕೆಲಸ. ಮಳೆಯಿರಲಿ, ಜ್ವರವಿರಲಿ, ಒಂದು ಕೀಲಿಯನ್ನೂ ನೋಡದೆ ದಾಟಿದವನಲ್ಲ. ಪ್ರಾರ್ಥನೆಯೂ ಅವನಿಗೆ ಹಾಗೆಯೇ ಆಗಿತ್ತು. ಚಾಪೆಯ ಮೇಲೆ ಕೂತು ಒಂದು ಕೀರ್ತನೆ ಹಾಡಿ, ವೇದ ಓದಿ, ಆಮೇಲೆ ಕಣ್ಣುಮುಚ್ಚಿ ಮನೆಯವರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ. ನನ್ನ ಹೆಂಡತಿ ಸುಗುಣ, ಅವಳ ಮಂಡಿನೋವು ಕಡಿಮೆ ಮಾಡು. ಮಗಳು ಸರೋಜ, ಮಗ ಡೇವಿಡ್, ಮಗಳು ವಿಮಲ. ಒಬ್ಬೊಬ್ಬರಿಗೂ ಒಂದೊಂದು ಬೇಡಿಕೆ. ಕೊನೆಯವಳಾದ ನನ್ನ ಪಾಲಿನ ಬೇಡಿಕೆ ಬಹುತೇಕ ಗಣಿತ ತಲೆಗೆ ಹತ್ತಲಿ ಎಂಬುದು. ಹೆಸರು ಹೇಳಿದರೆ ಆ ಮನುಷ್ಯ ದೇವರ ಮುಂದೆ ಹೋಗಿ ನಿಂತ ಹಾಗೆ ಎಂದು ಅಪ್ಪ ನಂಬಿದ್ದ. ಹೆಸರುಗಳಾದ ಮೇಲೆ ನಾವು ಒಬ್ಬೊಬ್ಬರೂ ಆ ದಿನ ಸಿಕ್ಕ ಒಂದು ಸಣ್ಣ ಕೃಪೆಯನ್ನು ಹೇಳಿ ಸ್ತೋತ್ರ ಸಲ್ಲಿಸಬೇಕಿತ್ತು. ದೊಡ್ಡದನ್ನು ಹೇಳಿದರೆ ಅಮ್ಮನಿಗೆ ಆಗುತ್ತಿರಲಿಲ್ಲ. ಜೀವ ಕೊಟ್ಟೆ, ರಕ್ಷಣೆ ಕೊಟ್ಟೆ ಎಂದು ಡೇವಿಡಣ್ಣ ಸುಲಭದ ದಾರಿ ಹಿಡಿದರೆ ಅವಳು ಕಣ್ಣುಮುಚ್ಚಿಕೊಂಡೇ ಗದರುತ್ತಿದ್ದಳು.

"ಅದು ಎಲ್ರಿಗೂ ಕೊಟ್ಟವ್ನೆ. ನಿಂಗೆ ಇವತ್ತು ಏನು ಕೊಟ್ಟ ಅದ್ನ ಹೇಳು."

ಹಾಗಾಗಿ ನಾವು ಹುಡುಕಿ ಹುಡುಕಿ ಹೇಳುತ್ತಿದ್ದೆವು. ನಲ್ಲಿಯಲ್ಲಿ ಎರಡನೇ ಸಲ ನೀರು ಬಂತು, ಟೀಚರ್ ನನ್ನ ಸ್ಲೇಟು ನೋಡಲಿಲ್ಲ, ಹಾಲು ಉಕ್ಕಲಿಲ್ಲ. ಈ ಅಭ್ಯಾಸ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕೆಟ್ಟ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿರುವುದೂ ಇದೇ.

ಪ್ರಾರ್ಥನೆಯ ವಿಷಯದಲ್ಲಿ ಅಪ್ಪನಿಗೆ ಇನ್ನೊಂದು ನಿಯಮವಿತ್ತು. ಆಮೆನ್ ಅಂದ ಮೇಲೆ ಮುಗಿಯಿತು, ದೇವರ ಬಳಿ ಹೋದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಒಮ್ಮೆ ಡೇವಿಡಣ್ಣ ಗೂಡ್ಸ್ ಶೆಡ್ಡಿನ ಹತ್ತಿರ ಸಿಕ್ಕ ನಾಯಿಮರಿಯೊಂದನ್ನು ಎತ್ತಿಕೊಂಡು ಬಂದ. ಬೆಳಿಗ್ಗೆ ಎದ್ದು ಬಿಟ್ಟು ಬಾ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ. ಆ ಸಂಜೆ ಅಣ್ಣನ ಸರದಿ ಬಂದಾಗ ಅವನು ಗಟ್ಟಿಯಾಗಿ ಕಣ್ಣುಮುಚ್ಚಿ, "ಕರ್ತನೇ, ರಾಜನ್ನ ನಮ್ಮನೆಗೆ ಕಳಿಸಿದ್ದಕ್ಕೆ ಸ್ತೋತ್ರ" ಅಂದ. ಅಭ್ಯಾಸಬಲದಿಂದ ಅಪ್ಪ ಆಮೆನ್ ಅಂದುಬಿಟ್ಟ. ಆಮೇಲೆ ಒಂದು ಕಣ್ಣು ತೆರೆದ.

"ಯಾರ್ಲಾ ಅದು ರಾಜ?"

"ನಾಯಿ ಕಣಪ್ಪಾ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸರೋಜಕ್ಕ ನನ್ನ ತೊಡೆ ಚಿವುಟಿದಳು. ಅಪ್ಪ ಬಹಳ ಹೊತ್ತು ಬಾಗಿಲ ಕಡೆಯೇ ನೋಡಿದ. ಅಲ್ಲಿ ಆ ಮರಿ ಅವನ ಚಪ್ಪಲಿಯನ್ನು ಕಡಿಯುತ್ತಾ ಕೂತಿತ್ತು.

"ಆಮೆನ್ ಅಂದಾಯ್ತು. ಇನ್ನೇನ್ ಮಾಡಾದು, ಇರ್ಲಿ."

ರಾಜ ನಮ್ಮ ಮನೆಯಲ್ಲೇ ಮುದಿಯಾಗಿ ಸತ್ತಿತು. ಈ ಕತೆಯನ್ನು ನನ್ನ ಮಕ್ಕಳಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನನಗೆ ಇದರ ಮುಂದಿನ ಭಾಗವೂ ಗೊತ್ತು.

ಸರೋಜಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವಳು ತಿರುವಿದ ಮುದ್ದೆ ಒಂದು ಗೀರೂ ಇಲ್ಲದೆ ಗುಂಡಗೆ ಬರುತ್ತಿತ್ತು. ಅಪ್ಪ ಅದನ್ನು ಮುರಿಯುವ ಮೊದಲು ಒಂದು ಗಳಿಗೆ ನೋಡುತ್ತಿದ್ದ. ನಾನು ಪುಕ್ಕಲಿ. ಹಿತ್ತಲ ಮೂಲೆಯ ಕಕ್ಕಸಿಗೆ ಸಂಜೆಯಾದರೆ ಒಬ್ಬಳೇ ಹೋಗುತ್ತಿರಲಿಲ್ಲ. ಅಕ್ಕ ಒಗೆಯುವ ಕಲ್ಲಿನ ಹತ್ತಿರ ನಿಂತು, ನಾನು ಹೊರಗೆ ಬರುವವರೆಗೆ ಕೀರ್ತನೆಯ ಸಾಲುಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಹಾಡುತ್ತಿದ್ದಳು. ಹಾಡು ನಿಂತರೆ ನಾನು ಒಳಗಿಂದ ಕೂಗುತ್ತಿದ್ದೆ.

"ಅಕ್ಕಾ, ಇದೀಯಾ?"

"ಇದೀನಿ ಕಣೇ ಪುಕ್ಲಿ. ಹೆದರ್ಬೇಡ, ಇಲ್ಲೇ ನಿಂತಿದೀನಿ."

ಅವಳಿಗೆ ಹದಿನೆಂಟು ತುಂಬುವಷ್ಟರಲ್ಲಿ ಬೇಲೂರಿನ ಸಂಬಂಧ ಬಂತು. ಹುಡುಗ ಮೋಹನ, ಮನೆಗಳಿಗೆ ವೈರಿಂಗ್ ಕೆಲಸ ಮಾಡುತ್ತಿದ್ದ. ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬಕ್ಕೆ ಬಂದವನು ಒಂದು ಹಾಡು ಹಾಡಿದ. ಅಪ್ಪ ಆ ದನಿಗೆ ಸೋತುಹೋದ. ಅಷ್ಟು ಚೆನ್ನಾಗಿ ದೇವರನ್ನು ಹಾಡುವವನ ಮನೆಯಲ್ಲಿ ಮಗಳು ಸುಖವಾಗಿರುತ್ತಾಳೆ ಅಂದುಕೊಂಡ. ಅಮ್ಮ ಮಾತ್ರ, ಹುಡುಗ ಊಟಕ್ಕೆ ಕೂತಾಗ ನೀರಿನ ಲೋಟ ತಡವಾಗಿ ತಂದ ತನ್ನ ತಂಗಿಯನ್ನು ಹೇಗೆ ನೋಡಿದ ಎಂಬುದನ್ನು ಗಮನಿಸಿದ್ದಳು. ಅದನ್ನು ಅವಳು ಹೇಳಿದ್ದು ಮದುವೆಯಾಗಿ ವರ್ಷ ಕಳೆದ ಮೇಲೆ. ಅದೂ ಗೋಡೆಗೆ ಹೇಳಿಕೊಳ್ಳುವಂತೆ.

ಆ ವರ್ಷ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಕೂತಿದ್ದಳು. ಬಲಗೈ ಮಣಿಕಟ್ಟು ಮುರಿದು, ಯಾವ ವೈದ್ಯರೂ ನೋಡದೆ, ಸೊಟ್ಟಗೆ ಕೂಡಿಕೊಂಡಿತ್ತು. ಅಮ್ಮ ಹಿಟ್ಟು ಬೇಯಿಸಿ ಕೊಟ್ಟಾಗ ಅಕ್ಕ ಹಳೆಯ ಅಭ್ಯಾಸದಂತೆ ಮುದ್ದೆ ಕಟ್ಟಲು ಕೈಹಾಕಿದಳು. ಅದು ಒಂದು ಕಡೆಗೆ ವಾಲಿಕೊಂಡು ಕೂತಿತು. ಸಂಜೆ ಅಪ್ಪ ಆ ಮುದ್ದೆಯನ್ನು ನೋಡಿದ, ಅವಳ ಕೈಯನ್ನು ನೋಡಿದ, ತಲೆ ತಗ್ಗಿಸಿ ಊಟ ಮಾಡಿದ. ಅಪ್ಪ ಕಲ್ಲುಮನಸ್ಸಿನವನಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವನು ಸಭೆಯ ಹಿರಿಯ. ಅದಕ್ಕೆ ಎರಡು ವರ್ಷ ಮುಂಚೆ ಬಾಣಾವರದಲ್ಲಿ ನಮ್ಮ ಸಭೆಯದೇ ಒಂದು ಮನೆಯ ಹುಡುಗಿ ಗಂಡನನ್ನು ಬಿಟ್ಟು ಬಂದಾಗ, ಅಪ್ಪನೇ ಹೋಗಿ ಅವಳಿಗೂ ಅವಳ ತಂದೆಗೂ ಬುದ್ಧಿ ಹೇಳಿ ವಾಪಸ್ ಕಳಿಸಿದ್ದ. ನಾಲ್ಕನೆಯ ದಿನ ಅವನು ಅಕ್ಕನಿಗೆ ಬಟ್ಟೆ ಕಟ್ಟಿಕೋ ಅಂದಾಗ ಅಮ್ಮ ಎದುರು ನಿಂತಳು. ಅಮ್ಮ ಅಪ್ಪನಿಗೆ ಎದುರು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆ ಕೈ ನೋಡ್ರಿ ಒಂದ್ಸಲ. ಹಂಗೆ ಮುರಿದವನ ಮನೆಗೆ ಹೆಂಗ್ ಕಳಿಸ್ತೀರಿ?"

"ದೇವರ ಮುಂದೆ ನಿಂತು ಮಾತು ಕೊಟ್ಟವ್ಳೆ ಸುಗುಣ. ಇನ್ನೊಬ್ಬರ ಮಗಳಿಗೆ ಹೇಳಿದ್ದನ್ನ ನನ್ ಮಗಳಿಗೆ ಹೇಳ್ದೆ ಇದ್ರೆ ನಾನ್ಯಾವ ಸೀಮೆ ಹಿರಿಯ?"

"ಹಿರೀತನ ಬಿಟ್ಬಿಡ್ರಿ."

ಹಿರಿಯತನವೂ ಬಿಡಬಹುದಾದ ವಸ್ತು ಎಂದು ಅಪ್ಪನಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ.

ಬೇಲೂರಿಗೆ ಅಕ್ಕನನ್ನು ಬಿಡಲು ಅಪ್ಪನ ಜೊತೆ ನಾನೂ ಹೋದೆ. ಅಪ್ಪನ ತೊಡೆಯ ಮೇಲೆ ಬೀಗರಿಗೆಂದು ತೆಂಗಿನಕಾಯಿ ತುಂಬಿದ ಚೀಲ. ಅವನ ಹಿಂದಿನ ಸೀಟಿನಲ್ಲಿ ನಾವಿಬ್ಬರು. ಹಳೇಬೀಡಿನಲ್ಲಿ ಬಸ್ಸು ನಿಂತಾಗ, ಪ್ರವಾಸಕ್ಕೆ ಬಂದ ಯಾವುದೋ ಶಾಲೆಯ ಹುಡುಗಿಯರು ಸಾಲಾಗಿ ಒಬ್ಬರ ಜಡೆ ಒಬ್ಬರು ಎಳೆಯುತ್ತಾ ಹೋಗುತ್ತಿದ್ದರು. ಅಕ್ಕ ಅವರನ್ನೇ ನೋಡುತ್ತಿದ್ದಳು.

"ವಿಮ್ಲಿ, ಇಲ್ಲೇ ಇಳಿದುಬಿಡಾಣ್ವಾ?"

"ಇಳಿದು?"

"ಇಳಿದು ಏನಿಲ್ಲ. ಸುಮ್ನೆ ನಿಂತ್ಕಳದು."

ಮುಂದೆ ಅಪ್ಪ ತಿರುಗಲಿಲ್ಲ. ಚೀಲವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿಕೊಂಡ, ಅಷ್ಟೇ. ಬಸ್ಸು ಹೊರಟಿತು. ಬೇಲೂರಿನ ಮನೆಯಲ್ಲಿ ಮೋಹನ ಬಾಗಿಲಿಗೇ ಬಂದು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡ, ಊಟಕ್ಕೆ ಮುಂಚೆ ಎರಡು ಚರಣ ಹಾಡಿ ಪ್ರಾರ್ಥನೆ ಮಾಡಿದ. ದನಿ ನಿಜಕ್ಕೂ ಚೆನ್ನಾಗಿತ್ತು. ಹಿಂದಿರುಗುವಾಗ ಖಾಲಿ ಸೀಟಿನಲ್ಲಿ ಅಪ್ಪ ನನ್ನ ಪಕ್ಕ ಕೂತು, ಹಳೇಬೀಡು ಬಂದಾಗ ಕಿಟಕಿಯ ಪರದೆಯನ್ನು ಎಳೆದುಬಿಟ್ಟ. ಬಿಸಿಲು ಆಚೆ ಕಡೆ ಇತ್ತು.

ಮುಂದಿನ ವರ್ಷ ಅಕ್ಕ ಬೇಲೂರಿನ ಮನೆ ಬಿಟ್ಟಳು. ಈ ಸಲ ನಮ್ಮ ಮನೆಗೆ ಬರಲಿಲ್ಲ. ಅರೇಹಳ್ಳಿಯ ಕಡೆ ಒಂದು ಕಾಫಿ ತೋಟದಲ್ಲಿ ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಅಲ್ಲೇ ಕೂಲಿಯವರ ಸಾಲುಮನೆಯೊಂದರಲ್ಲಿದ್ದಾಳೆ ಎಂದು ನಮ್ಮ ಪಾಸ್ಟರ್ ಅಯ್ಯನವರು ಬಂದು ಹೇಳಿದರು. ಅವರು ಒಳ್ಳೆಯವರು. ಹೋಗಿ ಕರೆದುಕೊಂಡು ಬನ್ನಿ ಜಯಪಾಲಣ್ಣ, ಸಭೆಯಲ್ಲಿ ಯಾರಾದರೂ ಕೇಳಿದರೆ ನಾನು ಉತ್ತರ ಕೊಡುತ್ತೇನೆ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಅವರಿಗೆ ಕಾಫಿ ಕೊಡಿಸಿ, ಗೇಟಿನವರೆಗೆ ಹೋಗಿ ಬಿಟ್ಟು ಬಂದ. ಆ ಸಂಜೆ ಪ್ರಾರ್ಥನೆಯಲ್ಲಿ ನನ್ನ ಹೆಂಡತಿ ಸುಗುಣ, ಮಗ ಡೇವಿಡ್, ಮಗಳು ವಿಮಲ ಅಂದ. ಮೊದಲ ದಿನ ಮರೆತನೇನೋ ಅಂದುಕೊಂಡೆವು. ಒಂದು ಕೀಲಿಯನ್ನೂ ನೋಡದೆ ದಾಟದ ಮನುಷ್ಯ ಮರೆಯುವುದು ಹೇಗೆ?

ಅಮ್ಮ ಒಂದು ತಿಂಗಳು ತಡೆದಳು. ಆಮೇಲೆ ಒಂದು ಸಂಜೆ ತನ್ನ ಸರದಿ ಬಂದಾಗ, ಸರೋಜ ಆರೋಗ್ಯವಾಗಿದ್ದಾಳಂತೆ, ಅದಕ್ಕೆ ಸ್ತೋತ್ರ ಅಂದಳು. ಅಪ್ಪ ಆಮೆನ್ ಹೇಳದೆ ಚಾಪೆಯಿಂದ ಎದ್ದ. ಎರಡು ದಿನ ಊಟ ಮಾಡಲಿಲ್ಲ. ಸುತ್ತಿಗೆ ಹೊತ್ತು ಖಾಲಿ ಹೊಟ್ಟೆಯಲ್ಲಿ ಹಳಿಯ ಮೇಲೆ ಹೋಗುತ್ತಿದ್ದ ಅವನನ್ನು ನೋಡಿ ಹೆದರಿದವಳು ಅಮ್ಮನೇ. ಆಮೇಲೆ ಅವಳ ಕೃಪೆಗಳು ಒಲೆ, ನೀರು, ಸೊಪ್ಪಿಗಷ್ಟೇ ನಿಂತವು. ಆದರೆ ಬೇಲೂರು ಬಸ್ಸಿನ ಕಂಡಕ್ಟರ್ ಒಬ್ಬರ ಕೈಯಲ್ಲಿ ಹುರಿಹಿಟ್ಟು, ಕೊಬ್ಬರಿ, ಹಳೆಯ ಸೀರೆಗಳನ್ನು ಕಟ್ಟಿ ಕಳಿಸುತ್ತಿದ್ದಳು. ಅವರು ಬೇಲೂರಿನಲ್ಲಿ ಅದನ್ನು ಅರೇಹಳ್ಳಿಯ ಬಸ್ಸಿಗೆ ದಾಟಿಸುತ್ತಿದ್ದರು. ಅವರಿಗೂ ನಮಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಆ ಮನುಷ್ಯನ ಹೆಸರನ್ನು ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂದು ಅಮ್ಮ ಕೊನೆಯವರೆಗೂ ಪೇಚಾಡಿದಳು. ಹೆಸರಿಲ್ಲದೆ ಪ್ರಾರ್ಥಿಸುವುದು ಅವಳಿಗೆ ಬರುತ್ತಿರಲಿಲ್ಲ.

ನನಗೆ ಹನ್ನೊಂದು ನಡೆಯುತ್ತಿತ್ತು. ಅಪ್ಪನಿಗೆ ಗಂಟಲಲ್ಲಿ ಹುಣ್ಣಾಗಿ ಹತ್ತು ದಿನ ಒಂದಕ್ಷರ ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರು. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮನೆಯಲ್ಲಿ ಕೂತಿದ್ದ ಅಪ್ಪ, ಪ್ರಾರ್ಥನೆಯ ಹೊತ್ತಿಗೆ ವೇದಪುಸ್ತಕವನ್ನು ನನ್ನ ಮುಂದೆ ಸರಿಸಿದ. ಡೇವಿಡಣ್ಣನಿಗಲ್ಲ, ನನಗೆ. ಸ್ಪಷ್ಟವಾಗಿ ಓದುತ್ತೇನೆಂದು. ಮೊದಲ ಮೂರು ಸಂಜೆ ನಾನು ಅಪ್ಪನ ಹಾಗೆಯೇ ಅಪ್ಪ, ಅಮ್ಮ, ಅಣ್ಣ ಎಂದು ಹೆಸರು ಹೇಳಿದೆ. ಅಪ್ಪನ ಗಂಟಲು ವಾಸಿಯಾಗಲಿ ಎಂದು ಸೇರಿಸಿದೆ. ನಾನೇ ಮನೆಯ ಯಜಮಾನಿಯಾದಷ್ಟು ಬೀಗಿದೆ.

ನಾಲ್ಕನೆಯ ಸಂಜೆ, ಇನ್ನೂ ಬೆಳಕಿತ್ತು, ಅಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದಳು.

"ವಿಮಲ, ಕೂಗ್ಬೇಡ. ಅಕ್ಕ ಬಂದವ್ಳೆ."

ಕಿಟಕಿಯ ಕಂಬಿಯಾಚೆ, ಒಗೆಯುವ ಕಲ್ಲಿನ ಪಕ್ಕ ಸರೋಜಕ್ಕ ನಿಂತಿದ್ದಳು. ಏಳು ತಿಂಗಳ ಬಸುರಿ; ಬೇಲೂರು ಬಿಡುವಾಗಲೇ ಬಸುರಾಗಿದ್ದಳಂತೆ. ಸೊಟ್ಟ ಕೈಯನ್ನು ಹೊಟ್ಟೆಯ ಕೆಳಗೆ ಆನಿಸಿಕೊಂಡು ನನ್ನನ್ನು ನೋಡಿ ನಕ್ಕಳು. ಅವಳ ಪಾದದ ಮೇಲೆ ತಲೆಯಿಟ್ಟು ರಾಜ ಮಲಗಿತ್ತು, ಬೊಗಳಿರಲೂ ಇಲ್ಲ.

"ಚೊಚ್ಚಲ ಹೆರಿಗೆ. ಅಲ್ಲಿ ಯಾರವ್ರೆ ಅವ್ಳಿಗೆ?" ಅಮ್ಮ ಪಿಸುಗುಟ್ಟಿದಳು. "ಇವತ್ತು ಹೆಸರು ಹೇಳಾವಾಗ ಸರೋಜನ್ ಹೆಸರೂ ಹೇಳ್ಬಿಡು. ಹೇಳಿ ತಕ್ಷಣ ಆಮೆನ್ ಅನ್ನು, ನಾನೂ ಅಂತೀನಿ. ಪ್ರಾರ್ಥನೇಲಿ ಬಂದ ಹೆಸರನ್ನ ನಿಮ್ಮಪ್ಪ ತೆಗೆಯಾಕಿಲ್ಲ. ರಾಜಂದು ನೋಡ್ಲಿಲ್ವಾ? ನೀನು ಹೇಳಿದ್ ಕೂಡ್ಲೆ ಅವಳು ಒಳಗೆ ಬತ್ತಾಳೆ."

"ನೀನೇ ಹೇಳಮ್ಮ."

"ನಾನು ಹೇಳಿದ್ರೆ ಏಳ್ತಾರೆ. ನಿನ್ ಬಾಯಲ್ಲಿ ಬಂದ್ರೆ ಏಳಾಕಿಲ್ಲ."

ಕಿಟಕಿಯಾಚೆಯಿಂದ ಅಕ್ಕ ಮೆಲ್ಲಗೆ, "ಹೆದರ್ಬೇಡ ಕಣೇ, ಇಲ್ಲೇ ನಿಂತಿರ್ತೀನಿ" ಅಂದಳು.

ಚಾಪೆಯ ಮೇಲೆ ಕೂತೆವು. ಏನೂ ಗೊತ್ತಿಲ್ಲದ ಡೇವಿಡಣ್ಣ ಕಾಲಿನ ಗಾಯದ ಹಕ್ಕಳೆ ಕೀಳುತ್ತಿದ್ದ. ನಾನು ಓದಿದೆ, ಕಣ್ಣುಮುಚ್ಚಿದೆ, ಹೆಸರು ಹೇಳಲು ಶುರುಮಾಡಿದೆ. ಅಪ್ಪ, ಅವರ ಗಂಟಲು ವಾಸಿ ಮಾಡು. ಅಮ್ಮ. ಅಲ್ಲಿಗೆ ಬಂದು ನಿಂತೆ. ಕಣ್ಣು ತೆರೆದು ನೋಡಿದೆ. ಅಪ್ಪನೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಕೋಪದ ನೋಟವಲ್ಲ, ಹಳಿಯ ಮೇಲೆ ಬಗ್ಗಿ ಕೀಲಿ ನೋಡುವ ಹಾಗೆ, ಇದು ಗಟ್ಟಿಯಾಗಿದೆಯೋ ಸಡಿಲವೋ ಎಂದು ನೋಡುವ ನೋಟ. ಅಮ್ಮನ ಉಸಿರು ನನಗೆ ಕೇಳಿಸುತ್ತಿತ್ತು. ಅಡುಗೆಮನೆಯ ಕಿಟಕಿಯಾಚೆ ರಾಜ ಒಮ್ಮೆ ಕಿವಿ ಕೊಡವಿಕೊಂಡಿತು. ಸರೋಜ ಎಂಬ ಮೂರೇ ಅಕ್ಷರ. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಡೇವಿಡ್," ಅಂದೆ. "ಆಮೇಲೆ ನಾನು. ಆಮೆನ್."

ಅಪ್ಪ ಕೈ ಚಾಚಿ ನನ್ನ ತಲೆಯ ಮೇಲೆ ಇಟ್ಟ. ನನ್ನ ನೆನಪಿನಲ್ಲಿ ಅಪ್ಪ ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ನಾನು ಹೆದರಿ ಅಕ್ಕನ ಹೆಸರು ಬಿಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ಸತ್ಯ. ಆ ಕೈ ಬರುತ್ತದೆ ಎಂದು ನನಗೆ ಹೇಗೋ ಗೊತ್ತಿತ್ತು. ಅದರ ಭಾರ ನನಗೆ ಹಿತವಾಗಿತ್ತು. ದೇವರ ಮುಂದೆ ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ. ಮನುಷ್ಯರ ಮುಂದೆ ಹೀಗೆ ಬರೆದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಕೃಪೆ ಹೇಳುವ ಸರದಿ ಬರುವ ಮೊದಲೇ ಅಮ್ಮ ಎದ್ದಳು. ಊಟ ಬಡಿಸಲು ಒಳಗೆ ಹೋದವಳ ಹಿಂದೆ ನಾನೂ ಹೋದೆ. ಒಗೆಯುವ ಕಲ್ಲಿನ ಹತ್ತಿರ ನಾಯಿ ಮಾತ್ರ ಬೇಲಿಯ ಕಡೆ ಮುಖ ಮಾಡಿ ನಿಂತಿತ್ತು. ಅಮ್ಮ ನನ್ನನ್ನು ಬಯ್ಯಲಿಲ್ಲ. ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, "ತಿನ್ನು, ಆರೋಗ್ತದೆ" ಅಂದಳು. ಅಂದಿನಿಂದ ಅವಳು ನನಗೆ ಯಾವ ಗುಟ್ಟನ್ನೂ ಹೇಳಲಿಲ್ಲ.

ಅಕ್ಕ ಸಾಲುಮನೆಯಲ್ಲೇ ಹೆತ್ತಳು. ಹೆಣ್ಣುಮಗು, ಬಾಣಂತಿ ಕ್ಷೇಮ ಎಂಬ ಸುದ್ದಿ ಕಂಡಕ್ಟರ್ ಮೂಲಕ ಬಂತು. ಅದನ್ನು ಕೃಪೆಯೆಂದು ಗಟ್ಟಿಯಾಗಿ ಹೇಳುವಂತಿರಲಿಲ್ಲ. ಅಮ್ಮ ಆ ಸಂಜೆ, "ಇವತ್ತು ಬಸ್ಸು ಸರಿಯಾದ ಹೊತ್ತಿಗೆ ಬಂತು, ಸ್ತೋತ್ರ" ಅಂದಳು. ಅಪ್ಪ ಆಮೆನ್ ಅಂದ. ಹೀಗೆ ಏಳು ವರ್ಷ ಹೋಯಿತು. ಡೇವಿಡಣ್ಣನಿಗೆ ರೈಲ್ವೆಯಲ್ಲಿ ಕೆಲಸವಾಯಿತು, ರಾಜ ಸತ್ತಿತು, ನಾನು ಪಿಯುಸಿ ಮುಗಿಸಿದೆ. ಮನೆಯಲ್ಲಿ ಒಂದು ಹೆಸರನ್ನು ಹೇಳದೆ ಇರುವುದು ಉಸಿರಾಡುವಷ್ಟು ಅಭ್ಯಾಸವಾಯಿತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಮಕ್ಕಳೆಷ್ಟು ಎಂದು ಕೇಳಿದಾಗ ಅಪ್ಪ ಇಬ್ಬರು ಅಂದ. ಕಾಫಿ ತಟ್ಟೆ ಹಿಡಿದು ನಿಂತಿದ್ದ ನಾನು ತಟ್ಟೆಯನ್ನು ನೆಟ್ಟಗೇ ಹಿಡಿದಿದ್ದೆ.

ಒಂದು ಬೆಳಿಗ್ಗೆ ಪಾಸ್ಟರ್ ಅಯ್ಯನವರು ಬಂದು, ಒಳಗೆ ಬರದೆ ಬಾಗಿಲಲ್ಲೇ ನಿಂತರು. ಅಕ್ಕ ಕಾಮಾಲೆಯಾಗಿ ಹಿಂದಿನ ದಿನ ತೀರಿಕೊಂಡಿದ್ದಳು. ಅಪ್ಪ ಹಳಿಯ ಮೇಲೆ ಹೋಗಲು ಸುತ್ತಿಗೆ ಹೆಗಲಿಗೆ ಹಾಕಿಕೊಂಡಾಗಿತ್ತು. ಅದನ್ನು ಇಳಿಸಲು ತಿಳಿಯದೆ ಹಾಗೆಯೇ ಕೂತುಬಿಟ್ಟ. ಅರೇಹಳ್ಳಿಗೆ ಅಪ್ಪ, ಅಣ್ಣ, ಪಾಸ್ಟರು ಹೋದರು. ಅಮ್ಮನಿಗೆ ಎದ್ದು ನಿಲ್ಲಲೂ ಆಗಲಿಲ್ಲ. ನಾನು ಅವಳ ಬಳಿ ಉಳಿದೆ. ಮಣ್ಣು ಮಾಡಿ ಬರುವಾಗ ಅಪ್ಪ ಮಗುವನ್ನು ಕರೆತಂದ. ಅಕ್ಕನಿಗೆ ಕಾಯಿಲೆಯಾದಷ್ಟು ದಿನವೂ ಸಾಲುಮನೆಯ ನೆರೆಯವಳಾದ ಲಕ್ಷ್ಮಮ್ಮ ಎಂಬಾಕೆ ಮಗುವನ್ನು ನೋಡಿಕೊಂಡಿದ್ದಳು. ಮೋಹನನ ಕಡೆಯವರು ಬಂದಿರಲಿಲ್ಲ. ಹುಡುಗಿಯ ಹೆಸರು ಬ್ಲೆಸ್ಸಿ. ಬಸ್ಸಿನಲ್ಲಿ ನಡೆದದ್ದನ್ನು ಅಣ್ಣ ಆಮೇಲೆ ಹೇಳಿದ. ಅವಳು ಅಪ್ಪನ ಮುಖವನ್ನೇ ನೋಡುತ್ತಾ ಕೂತು, ನಿಮ್ಮ ಹೆಸರೇನು ಎಂದು ಕೇಳಿದಳಂತೆ. ಜಯಪಾಲ ಅಂದನಂತೆ ಅಪ್ಪ.

"ಹಂಗಾರೆ ನೀವೇ ಮೊದಲ್ನೇರು" ಅಂದಳಂತೆ ಅವಳು.

ಏನದು ಎಂದು ಇಬ್ಬರಿಗೂ ತಿಳಿಯಲಿಲ್ಲ. ತಿಳಿದದ್ದು ಆ ಸಂಜೆ. ಅಪ್ಪ ಹೇಗೋ ಚಾಪೆಯ ಮೇಲೆ ಕೂತ. ವೇದ ಓದಲು ಆಗಲಿಲ್ಲ, ಅಣ್ಣ ಓದಿದ. ನನ್ನ ಹೆಂಡತಿ ಸುಗುಣ ಎಂದು ಶುರುಮಾಡಿ ಅಪ್ಪ ಅಲ್ಲೇ ತಡೆದು ನಿಂತ. ಏಳು ವರ್ಷ ಸಲೀಸಾಗಿ ದಾಟುತ್ತಿದ್ದ ಜಾಗ ಆ ದಿನ ದಾಟಲಾಗಲಿಲ್ಲ, ತುಂಬುವುದಕ್ಕೂ ಆಗಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ಸಭೆಯಲ್ಲಿಲ್ಲ. ಬದುಕಿರುವವರ ಹೆಸರಿಗೆ ಮಾತ್ರ ಅಲ್ಲಿ ಸ್ಥಳ. ಅಕ್ಕನ ಹೆಸರು ಹೇಳುವ ಕಾಲ ಮುಗಿದಿತ್ತು. ಆ ಮೌನದಲ್ಲಿ, ದೊಡ್ಡವರಿಗೆ ಪಾಠ ಮರೆತಿದೆ ಎಂದುಕೊಂಡು, ಬ್ಲೆಸ್ಸಿ ಕೈಜೋಡಿಸಿ ತಾನೇ ಶುರುಮಾಡಿದಳು.

"ಕರ್ತನೇ, ಅಜ್ಜ ಜಯಪಾಲ, ಅವ್ರ ಗಂಟ್ಲು ವಾಸಿ ಮಾಡು. ಅಜ್ಜಿ ಸುಗುಣ, ಅವ್ರ ಮಂಡಿನೋವು ವಾಸಿ ಮಾಡು. ಮಾವ ಡೇವಿಡ್, ಅವ್ನಿಗೆ ಒಳ್ಳೆ ಬುದ್ಧಿ ಕೊಡು. ಚಿಕ್ಕಮ್ಮ ವಿಮಲ, ಅವ್ಳು ಹೆದರ್ದಂಗೆ ನೋಡ್ಕೊ. ನಾಯಿ ರಾಜ. ನಮ್ಮಪ್ಪ ಮೋಹನ." ಒಂದು ಕಣ್ಣು ತೆರೆದು ವಿವರಿಸಿದಳು, "ಇದೊಂದು ಹೆಸ್ರು ಅಮ್ಮ ಬೇಗ್ಬೇಗ ಹೇಳ್ತಿತ್ತು. ಆಮೆನ್."

ಅಪ್ಪ ಮಗುವಿನ ಕಡೆ ಬಗ್ಗಿದ.

"ಗಂಟ್ಲು? ನನ್ ಗಂಟ್ಲು ಕೆಟ್ಟಿದ್ದು ನಿಮ್ಮಮ್ಮಂಗೆ ಹೆಂಗ್ ಗೊತ್ತು?"

ಮಗುವಿಗೆ ಗೊತ್ತಿರಲಿಲ್ಲ. ಅಮ್ಮ ಗೋಡೆಗೆ ಒರಗಿ ಕೂತಲ್ಲಿಂದಲೇ ಹೇಳಿದಳು.

"ಬಂದಿದ್ಲು. ಬಸುರಿ. ಹಿತ್ತಲಲ್ಲಿ ನಿಂತಿದ್ಲು, ಪ್ರಾರ್ಥನೇಲಿ ಹೆಸರು ಹೇಳಿದ್ರೆ ಒಳಗೆ ಬರಾನ ಅಂತ."

ಅಪ್ಪ ಲೆಕ್ಕ ಹಾಕುವವನಂತೆ ಬೆರಳು ಮಡಚಿದ. ಯಾರು ಆ ಹತ್ತು ದಿನ ಪ್ರಾರ್ಥನೆ ನಡೆಸಿದರು ಎಂಬುದು ಅವನಿಗೆ ನೆನಪಾಯಿತು. ನನ್ನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಪ್ಪ."

"ನೀನು ಹೇಳಿದ್ರೆ ನಾನು..." ಎಂದವನು ಅಲ್ಲಿಗೇ ನಿಲ್ಲಿಸಿದ. ತಾನು ಏನು ಮಾಡುತ್ತಿದ್ದೆ ಎಂದು ಹುಡುಕುತ್ತಿರುವವನಂತೆ ಮೂಲೆಯನ್ನು ನೋಡಿದ. "ಆಮೆನ್ ಅಂತಿದ್ನೋ, ಎದ್ದೋಗ್ತಿದ್ನೋ. ನಂಗೂ ಗೊತ್ತಿಲ್ಲ ಕಣಮ್ಮ."

ಸುಳ್ಳು ಹೇಳಿ ನನ್ನೊಬ್ಬಳ ಮೇಲೆ ಎಲ್ಲವನ್ನೂ ಹಾಕಬಹುದಿತ್ತು, ಹಾಕಲಿಲ್ಲ. ನಾನು ಎಣಿಸಿಟ್ಟುಕೊಂಡಿರುವ ಕೃಪೆಗಳಲ್ಲಿ ಅದೂ ಒಂದು. ಅಪ್ಪ ಎದ್ದು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತ. ಆ ವಾರವೇ ಹಿರಿಯತನ ಬಿಟ್ಟ. ಬಾಣಾವರಕ್ಕೆ ಹೋಗಿ, ಹಿಂದೆ ತಾನು ಗಂಡನ ಬಳಿಗೆ ವಾಪಸ್ ಕಳಿಸಿದ್ದ ಆ ಹುಡುಗಿಯ ಮನೆಯವರನ್ನೂ ನೋಡಿ ಬಂದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ಮತ್ತೆಂದೂ ಅವನು ಪ್ರಾರ್ಥನೆ ನಡೆಸಲಿಲ್ಲ. ಬ್ಲೆಸ್ಸಿ ಹೆಸರು ಹೇಳುತ್ತಿದ್ದಳು, ಅಪ್ಪ ಕೊನೆಗೆ ಆಮೆನ್ ಅನ್ನುತ್ತಿದ್ದ. ಗಂಟಲು ಯಾವಾಗಲೋ ವಾಸಿಯಾಗಿದ್ದರೂ ಆ ಬೇಡಿಕೆಯನ್ನು ಅವಳು ಬಿಡಲಿಲ್ಲ, ಅವನೂ ಬಿಡು ಅನ್ನಲಿಲ್ಲ.

ಆ ಮನೆಯಿಂದ ನಮಗೆ ಬಂದ ಆಸ್ತಿ ಎರಡು: ಅಪ್ಪ ಬಿಟ್ಟ ಹೆಸರು, ಅಕ್ಕ ಬಿಡದ ಹೆಸರುಗಳು. ಯಾರು ಯಾವುದನ್ನು ಎತ್ತಿಕೊಂಡರು ಎಂಬುದು ಅವರವರಿಗೇ ಬಿಟ್ಟದ್ದು. ಬ್ಲೆಸ್ಸಿ ಚೊಚ್ಚಲ ಹೆರಿಗೆಗೆ ನನ್ನ ಮನೆಗೇ ಬಂದಳು. ಅವಳ ಬಾಣಂತನ ಮಾಡಿದ ನಲವತ್ತು ದಿನವೂ ನಾನು ಒಳಗೊಳಗೇ ಅಕ್ಕನಿಗೆ ಕ್ಷಮೆ ಕೇಳುತ್ತಿದ್ದೆ. ಡೇವಿಡಣ್ಣ, ಪ್ರಾರ್ಥನೆಯಲ್ಲಿ ನಾಯಿಯನ್ನು ಒಳಗೆ ತಂದವನು, ಈಗ ತನ್ನ ಮಗ ಅಭಿಷೇಕನ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಹುಡುಗ ಮನೆಯವರಿಗೆ ಒಪ್ಪಿಗೆಯಿಲ್ಲದ ಮದುವೆ ಮಾಡಿಕೊಂಡು ಮೂರು ವರ್ಷವಾಯಿತು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅಣ್ಣ ಒಬ್ಬಳು ಮಗಳು ಅನ್ನುತ್ತಾನೆ. ಅದೇ ದನಿ, ಅಪ್ಪನದೇ.

ಕಳೆದ ಕ್ರಿಸ್ಮಸ್ಸಿಗೆ ಅಣ್ಣ ಅತ್ತಿಗೆ ನನ್ನ ಮನೆಗೆ ಬಂದಿದ್ದರು. ಸಂಜೆ ಚಾಪೆ ಹಾಸಿದೆ. ನಮ್ಮ ಮನೆಯಲ್ಲಿ ಹೆಸರು ಹೇಳುವವಳು ನಾನೇ; ನನ್ನ ಗಂಡ ಅದನ್ನು ಮೊದಲ ವರ್ಷವೇ ನನಗೆ ಬಿಟ್ಟುಕೊಟ್ಟಿದ್ದಾರೆ. ಅಣ್ಣನ ಹೆಸರು ಹೇಳಿದೆ, ಅತ್ತಿಗೆಯ ಹೆಸರು ಹೇಳಿದೆ. ಅಲ್ಲಿಗೆ ಬಂದಾಗ ಹನ್ನೊಂದನೆಯ ವಯಸ್ಸಿನ ಆ ಸಂಜೆಯ ಹಾಗೆಯೇ ತಡೆದು ನಿಂತೆ. ಕಣ್ಣು ತೆರೆದರೆ ಅಣ್ಣ ನನ್ನನ್ನು ನೋಡುತ್ತಿರುತ್ತಾನೆ ಎಂದು ಗೊತ್ತಿತ್ತು, ಅದಕ್ಕೇ ತೆರೆಯಲಿಲ್ಲ.

"ಅವರ ಮಗ ಅಭಿಷೇಕ್" ಅಂದೆ. "ಅವನ ಹೆಂಡತಿ. ಅವರು ಎಲ್ಲಿದ್ದರೂ ಹೆದರದಂತೆ ನೋಡಿಕೋ. ಆಮೆನ್."

ಅತ್ತಿಗೆಯ ಬಿಕ್ಕು ಕೇಳಿಸಿತು. ನನ್ನ ಗಂಡ ಆಮೆನ್ ಅಂದರು. ಅಣ್ಣ ಅನ್ನಲಿಲ್ಲ. ಅವನು ಎದ್ದು ಚಾಪೆ ಸರಿಯುವ ಸದ್ದಿಗಾಗಿ ಕಿವಿಗೊಟ್ಟು ಕೂತೆ. ಕೊನೆಗೆ ಅವನ ದನಿ ಕೂತಲ್ಲಿಂದಲೇ ಬಂತು.

"ಬಡಿಸು ವಿಮ್ಲಿ. ಸಾರು ಆರ್ತೈತೆ."